ಅಲಾಸ್ಕಾದ ಹಡಗು ಪ್ರವಾಸದಲ್ಲಿ ಸಾಲ್ಮನ್ ಮತ್ತು ಹಿಮನದಿ: ಕುಟುಂಬಕ್ಕೊಂದು ಕೈಪಿಡಿ

ಅಲಾಸ್ಕಾದ ಆಗ್ನೇಯ ಕರಾವಳಿಗೆ ಕುಟುಂಬ ಸಮೇತ ಕ್ರೂಸ್ ಹಡಗಿನಲ್ಲಿ ಹೊರಡುವವರು ಸಾಮಾನ್ಯವಾಗಿ ಮೊದಲು ರಜೆಯ ದಿನಗಳನ್ನು ಗೊತ್ತುಮಾಡಿಕೊಳ್ಳುತ್ತಾರೆ, ಆಮೇಲೆ ಆ ದಿನಗಳಿಗೆ ಅಗ್ಗವಾಗಿ ಸಿಗುವ ಹಡಗನ್ನು ಹುಡುಕುತ್ತಾರೆ, ದಾರಿಯಲ್ಲಿ ಏನೇನು ಕಾಣಸಿಗುತ್ತದೆ ಎಂಬುದನ್ನು ಕೊನೆಯಲ್ಲಿ ವಿಚಾರಿಸುತ್ತಾರೆ. ಹಿಮನದಿಯನ್ನಷ್ಟೇ ನೋಡಿ ಬರುವುದಾದರೆ ಈ ಕ್ರಮದಿಂದ ಹೆಚ್ಚಿನ ನಷ್ಟವಿಲ್ಲ. ಏಪ್ರಿಲ್ ಕೊನೆಯಿಂದ ಅಕ್ಟೋಬರ್ ಆರಂಭದವರೆಗೆ ಹಡಗುಗಳು ಓಡಾಡುವ ಕಾಲದಲ್ಲಿ ಯಾವಾಗ ಹೋದರೂ ಅದು ತನ್ನ ಜಾಗದಲ್ಲೇ ಇರುತ್ತದೆ. ಸಾಲ್ಮನ್ ಮೀನಿನ ವಿಷಯ ಹಾಗಲ್ಲ. ಸಮುದ್ರದಲ್ಲಿ ಬೆಳೆದ ಮೀನು ಮೊಟ್ಟೆಯಿಡಲು ತಾನು ಹುಟ್ಟಿದ ತೊರೆಗೆ ಮರಳುವುದು ವರ್ಷದ ಕೆಲವೇ ವಾರಗಳಲ್ಲಿ. ಮೇ ತಿಂಗಳಲ್ಲಿ ಹೋದವರು ತೊರೆಯ ಸೇತುವೆಯ ಮೇಲೆ ನಿಂತು ಖಾಲಿ ನೀರನ್ನು ನೋಡಿ ಮರಳುತ್ತಾರೆ. ಆದ್ದರಿಂದ ಎರಡನ್ನೂ ನೋಡಬೇಕೆನ್ನುವವರು ತಿಂಗಳನ್ನು ಮೀನು ನೋಡಿ ಆರಿಸಬೇಕು, ಹಡಗನ್ನು ಹಿಮನದಿ ನೋಡಿ ಆರಿಸಬೇಕು. ದರದ ಲೆಕ್ಕ ಆಮೇಲಿನದು.

ಎರಡನ್ನೂ ಒಂದೇ ಪ್ರವಾಸದಲ್ಲಿ ನೋಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಈ ಕರಾವಳಿಯ ಕಣಿವೆಗಳನ್ನು ಕೊರೆದದ್ದು ಹಿಮ. ಹಿಮ ಹಿಂದೆ ಸರಿದ ಕಡೆಗಳಲ್ಲಿ ಕೆರೆಗಳೂ ತೊರೆಗಳೂ ಹುಟ್ಟಿಕೊಂಡವು. ತವರಿನ ದಾರಿ ತಪ್ಪಿದ ಕೆಲವು ಸಾಲ್ಮನ್‌ಗಳು ಆ ಹೊಸ ನೀರನ್ನು ಹೊಕ್ಕು ಅಲ್ಲೇ ಸಂಸಾರ ಹೂಡಿದವು. ಗ್ಲೇಸಿಯರ್ ಬೇ ಎಂಬ ಕೊಲ್ಲಿಯಲ್ಲಿ ಹಿಮದಡಿಯಿಂದ ಆಗಷ್ಟೇ ಹೊರಬಂದ ತೊರೆಗಳಿಗೆ ಕೆಲವೇ ದಶಕಗಳಲ್ಲಿ ಪಿಂಕ್ ಸಾಲ್ಮನ್ ಬಂದು ನೆಲೆಸಿದ್ದನ್ನು ವಿಜ್ಞಾನಿಗಳು ವರ್ಷವರ್ಷವೂ ಗಮನಿಸಿ ದಾಖಲಿಸಿದ್ದಾರೆ. ಮಕ್ಕಳಿಗೆ ಇದಿಷ್ಟನ್ನು ಮೊದಲೇ ಹೇಳಿಟ್ಟರೆ, ಹಡಗಿನ ಮೇಲಿಂದ ಕಂಡ ಹಿಮವನ್ನೂ ಮರುದಿನ ಹಳ್ಳದಲ್ಲಿ ಕಂಡ ಮೀನನ್ನೂ ಅವರೇ ಜೋಡಿಸಿಕೊಳ್ಳುತ್ತಾರೆ.

ತಿಂಗಳನ್ನು ಆರಿಸುವುದು

ಅಲಾಸ್ಕಾದ ನದಿಗಳನ್ನೇರುವ ಪೆಸಿಫಿಕ್ ಸಾಲ್ಮನ್ ಜಾತಿಗಳು ಐದು. ಅಲ್ಲಿಯವರು ಮಕ್ಕಳಿಗೆ ಅವುಗಳ ಹೆಸರನ್ನು ಕೈಬೆರಳುಗಳ ಮೇಲೆ ಕಲಿಸುತ್ತಾರೆ. ಎಲ್ಲಕ್ಕಿಂತ ಉದ್ದವಾದ ನಡುಬೆರಳು ಎಲ್ಲಕ್ಕಿಂತ ದೊಡ್ಡದಾದ ಕಿಂಗ್. ಬೆಳ್ಳಿಯುಂಗುರ ತೊಡುವ ಬೆರಳು ಸಿಲ್ವರ್, ಅಂದರೆ ಕೋಹೋ. ಕಿರುಬೆರಳು ಎಲ್ಲಕ್ಕಿಂತ ಚಿಕ್ಕದಾದ ಪಿಂಕ್. ಕಣ್ಣಿನತ್ತ ತೋರಿಸುವ ತೋರುಬೆರಳು ಸಾಕ್‌ಐ. ಉಳಿದ ಹೆಬ್ಬೆರಳು ಚಮ್. ಇವುಗಳಲ್ಲಿ ಕಿಂಗ್ ಎಲ್ಲರಿಗಿಂತ ಮೊದಲು, ಬೇಸಿಗೆಯ ಆರಂಭದಲ್ಲೇ ಬರುತ್ತದೆ, ಆದರೆ ಅದರ ಸಂಖ್ಯೆ ಕಡಿಮೆ, ದಡದಿಂದ ಕಾಣುವುದು ಅಪರೂಪ. ಜೂನೋ ಊರಿನ ಸ್ಟೀಪ್ ಕ್ರೀಕ್‌ಗೆ ಸಾಕ್‌ಐ ಜುಲೈ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಬರುತ್ತದೆ. ಪಿಂಕ್ ಮತ್ತು ಚಮ್ ಜುಲೈಯಲ್ಲಿ ಶುರುವಾಗಿ ಆಗಸ್ಟಿನಲ್ಲಿ ತೊರೆಗಳನ್ನು ತುಂಬುತ್ತವೆ. ಕೋಹೋ ಕೊನೆಯ ಸರದಿಯದು. ಹಡಗುಗಳ ಕಾಲ ಮುಗಿದ ಮೇಲೂ ಅದು ಬರುತ್ತಲೇ ಇರುತ್ತದೆ.

ಈ ಲೆಕ್ಕದಲ್ಲಿ ಜುಲೈ ಕೊನೆಯ ವಾರದಿಂದ ಆಗಸ್ಟ್ ಕೊನೆಯವರೆಗಿನ ಅವಧಿ ಉತ್ತಮ. ಒಂದೇ ವಾರವನ್ನು ಆರಿಸು ಎಂದರೆ ನಾನು ಆಗಸ್ಟಿನ ಎರಡನೆಯ ಅಥವಾ ಮೂರನೆಯ ವಾರವನ್ನು ಆರಿಸುತ್ತೇನೆ. ಆಗ ಪಿಂಕ್ ಭರದಲ್ಲಿರುತ್ತದೆ, ಸಾಕ್‌ಐ ಕೆಂಪೇರಿರುತ್ತದೆ, ಕರಡಿಗಳೂ ಹಳ್ಳಕ್ಕೆ ಇಳಿದಿರುತ್ತವೆ. ಪಿಂಕ್ ಸಾಲ್ಮನ್‌ನ ಆಯುಷ್ಯ ಸರಿಯಾಗಿ ಎರಡು ವರ್ಷವಾದ್ದರಿಂದ ಬೆಸ ವರ್ಷದ ಮೀನುಗಳ ವಂಶವೇ ಬೇರೆ, ಸಮ ವರ್ಷದ ಮೀನುಗಳ ವಂಶವೇ ಬೇರೆ; ಆಗ್ನೇಯ ಅಲಾಸ್ಕಾದಲ್ಲಿ ಈಚೆಗೆ ಬೆಸ ವರ್ಷಗಳಲ್ಲಿ ಹೆಚ್ಚು ಮೀನು ಬರುತ್ತಿದೆ. ವರ್ಷವನ್ನು ಆರಿಸುವ ಅವಕಾಶವಿದ್ದವರು ಇದನ್ನೂ ಗಮನಿಸಬಹುದು, ಆದರೆ ಸಮ ವರ್ಷ ಎಂಬ ಕಾರಣಕ್ಕೆ ಪ್ರವಾಸವನ್ನು ಕೈಬಿಡಬೇಕಾಗಿಲ್ಲ.

ಆಗಸ್ಟಿನಲ್ಲಿ ಮಳೆ ಹೆಚ್ಚು ಎಂದು ಹೆದರಿಸುವವರಿದ್ದಾರೆ. ಅದು ನಿಜವೇ. ಮೇ ತಿಂಗಳು ಇದಕ್ಕಿಂತ ಒಣದಾಗಿರುತ್ತದೆ. ಆದರೆ ತೊರೆಯ ಬಾಯಲ್ಲಿ ಕಾದು ಗುಂಪುಗೂಡಿದ ಮೀನು ಮೇಲೇರುವುದು ಮಳೆ ಬಿದ್ದು ನೀರು ಏರಿದಾಗ. ಬಿಸಿಲು ಕಾದು ಹಳ್ಳ ಸೊರಗಿದ ವಾರದಲ್ಲಿ ಅದು ಉಪ್ಪುನೀರಿನಲ್ಲೇ ಸುತ್ತುತ್ತಿರುತ್ತದೆ. ಆದ್ದರಿಂದ ಮಳೆಯಂಗಿಗೆ ಧಾರಾಳವಾಗಿ ಖರ್ಚು ಮಾಡಿ, ಮಳೆಯನ್ನು ಶಪಿಸಬೇಡಿ.

ಹಡಗನ್ನು ಆರಿಸುವುದು

ಹಡಗಿನ ಜಾಹೀರಾತಿನಲ್ಲಿ ಹಿಮನದಿಯ ಚಿತ್ರ ಇದ್ದೇ ಇರುತ್ತದೆ. ನಿಮ್ಮ ಹಡಗು ಯಾವ ಹಿಮನದಿಯ ಎದುರು, ಯಾವ ದಿನ, ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ವೇಳಾಪಟ್ಟಿಯಲ್ಲೇ ಓದಿ ಖಚಿತಪಡಿಸಿಕೊಳ್ಳಬೇಕು. ಹೆಚ್ಚಿನ ಹಡಗುಗಳ ಮುಂದಿರುವ ಆಯ್ಕೆಗಳು ಮೂರು. ಮೊದಲನೆಯದು ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನ. ಇಲ್ಲಿ ದಿನವೊಂದಕ್ಕೆ ಎರಡು ದೊಡ್ಡ ಕ್ರೂಸ್ ಹಡಗುಗಳಿಗೆ ಮಾತ್ರ ಪ್ರವೇಶ. ಆ ಪರವಾನಗಿಗಳಲ್ಲಿ ಹೆಚ್ಚಿನವು ಹಾಲೆಂಡ್ ಅಮೆರಿಕ ಮತ್ತು ಪ್ರಿನ್ಸೆಸ್ ಕಂಪನಿಗಳ ಬಳಿ ಇವೆ. ಎರಡನೆಯದು ಹಬ್ಬರ್ಡ್ ಹಿಮನದಿ. ಸುಮಾರು 122 ಕಿ.ಮೀ. ಉದ್ದದ ಇದು ಸಮುದ್ರಕ್ಕೆ ಬಂದು ಸೇರುವ ಉತ್ತರ ಅಮೆರಿಕದ ಹಿಮನದಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು, ಮತ್ತು ಉಳಿದವು ಹಿಂದೆ ಸರಿಯುತ್ತಿರುವ ಕಾಲದಲ್ಲಿ ಮುಂದೊತ್ತುತ್ತಿರುವ ಅಪರೂಪದ ಹಿಮನದಿ. 1986ರಲ್ಲೂ 2002ರಲ್ಲೂ ಅದು ಪಕ್ಕದ ರಸೆಲ್ ಫಿಯೋರ್ಡ್ ಎಂಬ, ಸಮುದ್ರ ನುಗ್ಗಿದ ಕಣಿವೆಯ ಬಾಯಿಯನ್ನೇ ಮುಚ್ಚಿಬಿಟ್ಟಿತ್ತು. ಅಲ್ಲಿಗೆ ಹೋಗುವ ದಾರಿ ತೆರೆದ ಸಮುದ್ರದ್ದಾದ್ದರಿಂದ ಹೊಟ್ಟೆ ತೊಳಸುವ ಮಕ್ಕಳಿದ್ದರೆ ಔಷಧಿಯನ್ನು ಹಿಂದಿನ ರಾತ್ರಿಯೇ ಸಿದ್ಧವಿಟ್ಟುಕೊಳ್ಳಿ. ಮೂರನೆಯದು ಜೂನೋದ ದಕ್ಷಿಣಕ್ಕಿರುವ ಟ್ರೇಸಿ ಆರ್ಮ್ ಮತ್ತು ಎಂಡಿಕಾಟ್ ಆರ್ಮ್ ಎಂಬ, ಸಮುದ್ರ ಒಳನುಗ್ಗಿದ ಕಡಿದಾದ ಕಣಿವೆಗಳು. 2025ರ ಆಗಸ್ಟ್ 10ರಂದು ಟ್ರೇಸಿ ಆರ್ಮ್‌ನ ಒಳಗೆ ದೊಡ್ಡ ಬೆಟ್ಟಕುಸಿತವಾಗಿ ನೀರು ಎತ್ತರಕ್ಕೆ ಎದ್ದಿತ್ತು. ಹಳೆಯ ವೇಳಾಪಟ್ಟಿಯನ್ನು ನಂಬದೆ, ನಿಮ್ಮ ಹಡಗು ಈಗ ಯಾವ ಕಣಿವೆಗೆ ಹೋಗುತ್ತದೆ ಎಂದು ಕೇಳಿ ತಿಳಿಯಿರಿ.

ಮಕ್ಕಳಿರುವ ಕುಟುಂಬಕ್ಕೆ ನನ್ನ ಸಲಹೆ ಗ್ಲೇಸಿಯರ್ ಬೇ. ಹಬ್ಬರ್ಡ್ ಇದಕ್ಕಿಂತ ಭವ್ಯ ಎಂದು ವಾದಿಸುವವರೊಂದಿಗೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಆದರೆ ಗ್ಲೇಸಿಯರ್ ಬೇಯಲ್ಲಿ ಇಡೀ ದಿನ ಹಡಗು ಒಂದೇ ಕೊಲ್ಲಿಯೊಳಗೆ ಸಾಗುತ್ತದೆ, ಉದ್ಯಾನದ ರೇಂಜರುಗಳು ಹಡಗನ್ನೇ ಹತ್ತಿ ಬಂದು ವಿವರಿಸುತ್ತಾರೆ, ಮಕ್ಕಳಿಗೆ ಜೂನಿಯರ್ ರೇಂಜರ್ ಪುಸ್ತಿಕೆ ಕೊಟ್ಟು, ಅದನ್ನು ಬರೆದು ಮುಗಿಸಿದವರಿಗೆ ಪ್ರಮಾಣವಚನ ಹೇಳಿಸಿ ಬಿಲ್ಲೆ ಕೊಡುತ್ತಾರೆ.

ಬಾಲ್ಕನಿಯಿರುವ ಕ್ಯಾಬಿನ್ ಬೇಕೇ ಎಂಬ ಪ್ರಶ್ನೆ ಬಹಳ ಮನೆಗಳಲ್ಲಿ ಚರ್ಚೆಯಾಗುತ್ತದೆ. ಹಿಮನದಿಗಾಗಿ ಅದು ಬೇಕಿಲ್ಲ. ಅದರ ಎದುರು ಹಡಗು ನಿಧಾನವಾಗಿ ತಿರುಗಿ ಎರಡೂ ಬದಿಯವರಿಗೆ ತೋರಿಸುತ್ತದೆ, ಎಲ್ಲಕ್ಕಿಂತ ಒಳ್ಳೆಯ ನೋಟ ಸಿಗುವುದು ಮೇಲಿನ ತೆರೆದ ಡೆಕ್‌ನ ಮುಂಭಾಗದಲ್ಲಿ. ಆ ಹಣವನ್ನು ಬಂದರಿನಲ್ಲಿ ಇಳಿದು ತಿರುಗುವುದಕ್ಕೆ ಉಳಿಸಿಕೊಳ್ಳಿ. ವಯಸ್ಸಾದವರು, ಚಳಿ ತಾಳದವರು ಜೊತೆಗಿದ್ದರೆ ಮಾತ್ರ ಬಾಲ್ಕನಿಗೆ ಬೆಲೆಯಿದೆ.

ಕಾಗದಪತ್ರಗಳ ಬಗ್ಗೆ ಒಂದು ಮಾತು. ವಿದೇಶಿ ಧ್ವಜದ ಹಡಗು ಅಮೆರಿಕದ ಎರಡು ಬಂದರುಗಳ ನಡುವೆ ನೇರವಾಗಿ ಪ್ರಯಾಣಿಕರನ್ನು ಸಾಗಿಸುವುದನ್ನು 1886ರ ಕಾನೂನೊಂದು ತಡೆಯುತ್ತದೆ. ಸಿಯಾಟಲ್‌ನಿಂದ ಹೊರಡುವ ಹಡಗುಗಳು ಕೆನಡಾದ ವಿಕ್ಟೋರಿಯಾದಲ್ಲಿ ಒಂದು ಸಂಜೆ ನಿಲ್ಲುವುದು ಇದರಿಂದಲೇ. ವ್ಯಾಂಕೂವರ್‌ನಿಂದ ಹೊರಡುವವಂತೂ ಶುರುವಾಗುವುದೇ ಕೆನಡಾದಲ್ಲಿ. ಹೀಗಾಗಿ ಅಮೆರಿಕ ಮತ್ತು ಕೆನಡಾ ಎರಡೂ ದೇಶಗಳ ಪ್ರವೇಶದ ನಿಯಮವನ್ನು ಮನೆಯ ಪ್ರತಿಯೊಬ್ಬರ ಪಾಸ್‌ಪೋರ್ಟಿಗೂ ಬೇರೆಬೇರೆಯಾಗಿ ಪರಿಶೀಲಿಸಬೇಕು, ಮತ್ತು ಅಮೆರಿಕಕ್ಕೆ ಒಂದೇ ಪ್ರವಾಸದಲ್ಲಿ ಎರಡನೆಯ ಬಾರಿ ಪ್ರವೇಶಿಸಲು ಅನುಮತಿ ಇದೆಯೇ ಎಂದು ನೋಡಿಕೊಳ್ಳಬೇಕು.

ಹಿಮನದಿಯ ದಿನ

ಗ್ಲೇಸಿಯರ್ ಬೇಗೆ ಹೋಗುವ ದಿನ ಬೆಳಿಗ್ಗೆ ಬೇಗ ಏಳಿ. ಬೇರೆ ದಿನಗಳಲ್ಲಿ ನಿದ್ದೆ ಮಾಡಬಹುದು. ರೇಂಜರುಗಳು ಕೊಲ್ಲಿಯ ಬಾಯಲ್ಲಿ ಹತ್ತಿದ ಮೇಲೆ ಒಳಗಿನ ಹಿಮನದಿಯನ್ನು ಮುಟ್ಟಲು ಹಡಗಿಗೆ ಕೆಲವು ಗಂಟೆ ಬೇಕು, ಮತ್ತು ಆ ಗಂಟೆಗಳಲ್ಲೇ ನೋಡುವುದು ಬಹಳವಿದೆ. 1794ರಲ್ಲಿ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರ್‌ನ ನೌಕಾ ತಂಡ ಇಲ್ಲಿಗೆ ಬಂದಾಗ ಕೊಲ್ಲಿ ಎಂಬುದೇ ಹೆಚ್ಚುಕಡಿಮೆ ಇರಲಿಲ್ಲ, ಬಾಯಿಯ ಹತ್ತಿರವೇ ಹಿಮದ ಗೋಡೆ ನಿಂತಿತ್ತು. 1879ರಲ್ಲಿ ನಿಸರ್ಗಪ್ರೇಮಿ ಲೇಖಕ ಜಾನ್ ಮ್ಯೂರ್ ದೋಣಿಯಲ್ಲಿ ಬಂದಾಗ ಹಿಮ 60 ಕಿ.ಮೀ.ಗೂ ಹೆಚ್ಚು ಹಿಂದೆ ಸರಿದಿತ್ತು. ನಿಮ್ಮ ಹಡಗು ಸಾಗುವುದು ಆ ಹಿಮ ಬಿಟ್ಟುಹೋದ ದಾರಿಯಲ್ಲಿ. ಬಾಯಿಯ ಹತ್ತಿರ ದಟ್ಟವಾದ ಸ್ಪ್ರೂಸ್ ಕಾಡು, ಮುಂದೆ ಹೋದಂತೆ ಕುರುಚಲು ಆಲ್ಡರ್, ಕೊನೆಗೆ ಬರೀ ಬಂಡೆ. ಕಾಡು ಎಷ್ಟು ಎಳೆಯದೋ ಅಲ್ಲಿಂದ ಹಿಮ ಸರಿದು ಅಷ್ಟೇ ಕಡಿಮೆ ಕಾಲವಾಗಿದೆ. ನಡುವೆ ಸಿಗುವ ಸೌತ್ ಮಾರ್ಬಲ್ ದ್ವೀಪದ ಬಂಡೆಗಳ ಮೇಲೆ ಕಡಲಸಿಂಹಗಳು ಮಲಗಿರುತ್ತವೆ, ನೀರಿನ ಮೇಲೆ ಪಫಿನ್ ಹಕ್ಕಿಗಳು ತೇಲುತ್ತಿರುತ್ತವೆ. ಇದು ಹೂನಾ ತ್ಲಿಂಗಿಟ್ ಜನರ ಪೂರ್ವಿಕರ ನೆಲ. ಬೆಳೆಯುತ್ತಿದ್ದ ಹಿಮ ಅವರ ಊರುಗಳನ್ನು ನುಂಗಿದ ಕಥೆಯನ್ನು ಅವರು ಇಂದಿಗೂ ಹೇಳಿಕೊಂಡು ಬಂದಿದ್ದಾರೆ.

ಕೊನೆಯಲ್ಲಿ ಸಿಗುವುದು ಮಾರ್ಜರಿ ಹಿಮನದಿ: ಸುಮಾರು 34 ಕಿ.ಮೀ. ಉದ್ದ, 1.6 ಕಿ.ಮೀ. ಅಗಲ, ನೀರಿನಿಂದ ಮೇಲಕ್ಕೆ ಇಪ್ಪತ್ತು ಅಂತಸ್ತಿನ ಕಟ್ಟಡದಷ್ಟು ಎತ್ತರ. ಹಡಗು ಸುರಕ್ಷಿತ ದೂರದಲ್ಲಿ ನಿಂತಾಗ ಎತ್ತರ ಕಣ್ಣಿಗೆ ದಕ್ಕುವುದಿಲ್ಲ. ಅದರ ಬುಡದಲ್ಲಿ ಹಾರುವ ಕಡಲಹಕ್ಕಿಗಳನ್ನು ದುರ್ಬೀನಿನಲ್ಲಿ ಹುಡುಕಿ ನೋಡಿದರೆ, ಬಿಳಿಯ ಚುಕ್ಕೆಗಳಾಗಿ ಕಾಣುವ ಅವು ಗೋಡೆಯ ಅಳತೆಯನ್ನು ತಾವಾಗಿಯೇ ಹೇಳುತ್ತವೆ. ಹಿಮದ ನೀಲಿ ಬಣ್ಣಕ್ಕೆ ಕಾರಣ ಸರಳ: ಗಾಳಿ ಬಹುಪಾಲು ಹಿಂಡಿಹೋದ ಗಟ್ಟಿ ಹಿಮ ಬೆಳಕಿನ ಕೆಂಪನ್ನು ಹೀರಿ ನೀಲಿಯನ್ನು ಹೊರಬಿಡುತ್ತದೆ. ಆಗಷ್ಟೇ ತುಂಡು ಕಳಚಿದ ಜಾಗದಲ್ಲಿ ನೀಲಿ ಎಲ್ಲಕ್ಕಿಂತ ಗಾಢ. ಅಂಥ ಜಾಗದ ಅಕ್ಕಪಕ್ಕವನ್ನೇ ನೋಡುತ್ತಿರಿ, ಮುಂದಿನ ತುಂಡು ಬೀಳುವುದು ಹೆಚ್ಚಾಗಿ ಅಲ್ಲೇ.

ಸದ್ದು ಕೇಳಿ ತಿರುಗಿದವರಿಗೆ ತುಂಡು ಬೀಳುವುದು ಕಾಣುವುದಿಲ್ಲ. ಒಂದು ಕಿ.ಮೀ. ದೂರದ ಸದ್ದು ನಮ್ಮನ್ನು ತಲುಪಲು ಸುಮಾರು ಮೂರು ಸೆಕೆಂಡು ಬೇಕು, ಅಷ್ಟರಲ್ಲಿ ಹಿಮ ನೀರಿಗೆ ಬಿದ್ದಾಗಿರುತ್ತದೆ. ತ್ಲಿಂಗಿಟ್ ಜನ ಆ ಸದ್ದನ್ನು ಬಿಳಿಯ ಗುಡುಗು ಎಂದು ಕರೆಯುತ್ತಾರೆ. ಆದ್ದರಿಂದ ಮನೆಯವರೆಲ್ಲ ಗೋಡೆಯನ್ನು ಹಂಚಿಕೊಳ್ಳಿ: ಎಡಗಡೆ ಒಬ್ಬರು, ನಡುವೆ ಒಬ್ಬರು, ಬಲಗಡೆ ಒಬ್ಬರು, ಪುಡಿಹಿಮ ಉದುರುವುದು ಕಂಡವರು ತಕ್ಷಣ ಕೂಗಬೇಕು. ದೊಡ್ಡ ತುಂಡಿಗೆ ಮುಂಚೆ ಸಾಮಾನ್ಯವಾಗಿ ಸಣ್ಣ ಉದುರು ಇರುತ್ತದೆ. ಏನೂ ಬೀಳದಿದ್ದಾಗ ಎಲ್ಲರೂ ಒಂದು ನಿಮಿಷ ಮಾತು ನಿಲ್ಲಿಸಿ ಕಿವಿಗೊಡಿ: ತೇಲುವ ಚಿಕ್ಕ ಹಿಮಚೂರುಗಳು ಕರಗುತ್ತ, ಒಳಗೆ ಸಿಕ್ಕಿಬಿದ್ದಿದ್ದ ಹಳೆಯ ಗಾಳಿಗುಳ್ಳೆಗಳು ಒಡೆದು, ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಿಟಪಟ ಎನ್ನುತ್ತವೆ. ನನ್ನ ಮಗಳಿಗೆ ಆಗ ಎಂಟು ವರ್ಷ. ಅವಳು ಬಿದ್ದ ಹಿಮದ ಗೋಡೆಗಿಂತ ಈ ಸದ್ದನ್ನೇ ಹೆಚ್ಚು ದಿನ ನೆನೆಸಿಕೊಂಡಳು.

ಹಿಮದ ಮೇಲಿಂದ ಕೆಳಗಿಳಿಯುವ ಗಾಳಿ ಆಗಸ್ಟಿನಲ್ಲೂ ಕೊರೆಯುತ್ತದೆ. ಒಂದೇ ದಪ್ಪ ಕೋಟಿಗಿಂತ ತೆಳುವಾದ ಎರಡು ಮೂರು ಪದರಗಳು, ಅವುಗಳ ಮೇಲೆ ಗಾಳಿ ಮತ್ತು ಮಳೆ ತಡೆಯುವ ಅಂಗಿ, ಟೋಪಿ, ಕೈಗವಸು ಬೇಕು. ಊಟಕ್ಕೆ ಸರದಿಯ ಮೇಲೆ ಹೋಗಿ. ಹಡಗು ಹಿಮನದಿಯ ಎದುರು ನಿಲ್ಲುವ ಹೊತ್ತು ಸುಮಾರು ಒಂದು ಗಂಟೆ ಮಾತ್ರ.

ಸಾಲ್ಮನ್ ನೋಡುವ ದಿನ

ಜೂನೋ ಊರಿನಲ್ಲಿ ಹಡಗು ನಿಲ್ಲುವ ದಿನವನ್ನು ನಾನು ಇಡೀ ಪ್ರವಾಸದ ಮುಖ್ಯ ದಿನವೆಂದು ಎಣಿಸುತ್ತೇನೆ, ಏಕೆಂದರೆ ಇಲ್ಲಿ ಹಿಮನದಿಯೂ ಮೀನೂ ಒಂದೇ ಜಾಗದಲ್ಲಿ ಸಿಗುತ್ತವೆ. ಊರಿನ ನಡುವಿನಿಂದ ಸುಮಾರು 19 ಕಿ.ಮೀ. ದೂರದಲ್ಲಿ ಮೆಂಡೆನ್‌ಹಾಲ್ ಹಿಮನದಿಯಿದೆ, ಅದರ ಮುಂದೆ ಕೆರೆಯಿದೆ, ಕೆರೆಗೆ ಸೇರುವ ಸ್ಟೀಪ್ ಕ್ರೀಕ್ ಎಂಬ ಚಿಕ್ಕ ತೊರೆಯ ಮೇಲೆ ಮರದ ನಡೆದಾರಿಯಿದೆ. ಆ ಕೆರೆ ಸುಮಾರು 1930ರ ಹೊತ್ತಿಗೆ, ಹಿಮ ಹಿಂದೆ ಸರಿಯುತ್ತಿದ್ದಾಗ ಉಂಟಾದದ್ದು. ಸಾಕ್‌ಐ ಮರಿಗಳು ಸಮುದ್ರಕ್ಕಿಳಿಯುವ ಮೊದಲು ಒಂದೆರಡು ವರ್ಷ ಕೆರೆಯಲ್ಲಿ ಬೆಳೆಯಬೇಕು. ಹಿಮ ಸರಿಯದಿದ್ದರೆ ಕೆರೆಯಿಲ್ಲ, ಕೆರೆಯಿಲ್ಲದಿದ್ದರೆ ಈ ತೊರೆಯಲ್ಲಿ ಸಾಕ್‌ಐ ಇಲ್ಲ.

ಪ್ರವಾಸಿ ಬಸ್ಸುಗಳು ವಿಸಿಟರ್ ಸೆಂಟರ್‌ವರೆಗೂ ಹೋಗುತ್ತವೆ. ಅವುಗಳ ಪರವಾನಗಿಗೆ ಮಿತಿಯಿರುವುದರಿಂದ ಭರದ ದಿನಗಳಲ್ಲಿ ದಡಕ್ಕಿಳಿದ ಮೇಲೆ ಟಿಕೆಟ್ ಸಿಗುತ್ತದೆ ಎಂದು ನಂಬಬೇಡಿ, ಮೊದಲೇ ಕಾಯ್ದಿರಿಸಿ. ಊರ ಬಸ್ಸು ಅಗ್ಗ, ಆದರೆ ಅದು ಇಳಿಸಿದ ಜಾಗದಿಂದ ಎರಡು ಕಿ.ಮೀ.ಗೂ ಹೆಚ್ಚು ನಡೆಯಬೇಕು. ಅಲ್ಲಿ ಕನಿಷ್ಠ ಮೂರು ಗಂಟೆ ಇರುವಂತೆ ನೋಡಿಕೊಳ್ಳಿ: ನಗೆಟ್ ಜಲಪಾತದವರೆಗೆ ಹೋಗಿಬರಲು ಸುಮಾರು ಮೂರು ಕಿ.ಮೀ. ಸಮತಟ್ಟಾದ ದಾರಿ, ಉಳಿದ ಹೊತ್ತೆಲ್ಲ ಸ್ಟೀಪ್ ಕ್ರೀಕ್‌ಗೆ.

ತೊರೆಯ ಬಳಿ ಬಹುತೇಕ ಜನ ಎರಡು ನಿಮಿಷ ನಿಂತು, ಒಂದು ಫೋಟೊ ತೆಗೆದು, ಮುಂದೆ ಹೋಗುತ್ತಾರೆ. ನೀವು ಅರ್ಧ ಗಂಟೆ ನಿಲ್ಲಿ. ಮೊದಲು ಕಾಣುವುದು ಕೆಂಪು ಮೈ, ಹಸಿರು ತಲೆ. ಕಣ್ಣು ಪಳಗಿದ ಮೇಲೆ ಪಾಚಿಯಿಲ್ಲದೆ ತಿಳಿಯಾಗಿ ಹೊಳೆಯುವ ಜಲ್ಲಿಯ ತೇಪೆಗಳು ಕಾಣುತ್ತವೆ, ಅವು ಗೂಡುಗಳು. ಹೆಣ್ಣು ಪಕ್ಕಕ್ಕೆ ಹೊರಳಿ ಬಾಲದಿಂದ ಜಲ್ಲಿಯನ್ನು ಪಟಪಟನೆ ಬಡಿಯುತ್ತದೆ, ಸಣ್ಣ ಕಲ್ಲುಗಳು ಎದ್ದು ಹರಿವಿನೊಂದಿಗೆ ಕೆಳಗೆ ಸರಿಯುತ್ತವೆ, ಕುಳಿ ಆಳವಾಗುತ್ತದೆ. ಅದರ ಪಕ್ಕದಲ್ಲೇ ಕೊಕ್ಕೆಯಂತೆ ಬಾಗಿದ ದವಡೆಯ ಗಂಡು ಇನ್ನೊಂದು ಗಂಡನ್ನು ಕಚ್ಚಿ ಅಟ್ಟುತ್ತಿರುತ್ತದೆ. ಸ್ವಲ್ಪ ಹಿಂದೆ ಡಾಲಿ ವಾರ್ಡನ್ ಎಂಬ ಬೇರೆ ಮೀನುಗಳು ತೇಲಿಬರುವ ಮೊಟ್ಟೆಗಾಗಿ ಹೊಂಚು ಹಾಕಿರುತ್ತವೆ. ಹೆಣ್ಣಿನ ಬಾಲದ ಅಂಚು ಸವೆದು ಬಿಳಿಯಾಗಿರುವುದನ್ನು ಗಮನಿಸಿ. ಸಿಹಿನೀರು ಹೊಕ್ಕ ಮೇಲೆ ಅದು ಏನನ್ನೂ ತಿಂದಿಲ್ಲ.

ಈ ಐದೂ ಜಾತಿಗಳು ಒಮ್ಮೆ ಮೊಟ್ಟೆಯಿಟ್ಟು ಸಾಯುತ್ತವೆ. ದಡದಲ್ಲಿ ಸತ್ತ ಮೀನು ಬಿದ್ದಿರುತ್ತದೆ, ವಾಸನೆಯೂ ಇರುತ್ತದೆ. ಮಕ್ಕಳಿಗೆ ಇದನ್ನು ಹಡಗಿನಲ್ಲಿ ಇರುವಾಗಲೇ ಹೇಳಿ, ಅಲ್ಲಿ ಹೋದ ಮೇಲೆ ಮುಚ್ಚಿಡಬೇಡಿ. ಕರಡಿಗಳು ಕಾಡಿನೊಳಕ್ಕೆ ಎಳೆದೊಯ್ದು ಬಿಟ್ಟ ಮೀನಿನ ಸಾರ ಮರಗಳ ಬೇರಿಗೆ ಸೇರುತ್ತದೆ. ಸಮುದ್ರದಿಂದ ಬಂದ ಸಾರಜನಕ ದಡದ ಮರಗಳಲ್ಲಿ ಪತ್ತೆಯಾಗಿದೆ. ನನ್ನ ಮಗಳು ಹಳ್ಳದ ಪಕ್ಕದ ಸ್ಪ್ರೂಸ್ ಮರವನ್ನು ತೋರಿಸಿ “ಹಾಗಾದರೆ ಇದರಲ್ಲೂ ಮೀನಿದೆಯಾ” ಎಂದು ಕೇಳಿದಳು, ಇದೆ ಎಂದೆ.

ಸ್ಟೀಪ್ ಕ್ರೀಕ್‌ಗೆ ಕಪ್ಪು ಕರಡಿಗಳು ಬರುತ್ತವೆ. ತಿಂಡಿಯ ಪೊಟ್ಟಣ ತೆರೆಯಬೇಡಿ, ಮಕ್ಕಳನ್ನು ಮುಂದೆ ಓಡಲು ಬಿಡಬೇಡಿ, ಕರಡಿ ಎದುರಾದರೆ ಓಡದೆ ಒಟ್ಟಾಗಿ ನಿಂತು ಅದಕ್ಕೆ ದಾರಿ ಬಿಡಿ, ಸಿಬ್ಬಂದಿ ದಾರಿಯನ್ನು ಮುಚ್ಚಿದರೆ ವಾದಿಸಬೇಡಿ. ನೀರಿಗೆ ಕಲ್ಲೆಸೆಯುವುದು, ಕಾಲಿಡುವುದು ಎರಡೂ ಕೂಡದು; ಜಲ್ಲಿಯಡಿಯಲ್ಲಿ ಮೊಟ್ಟೆಗಳಿವೆ. ತಂಪು ಕನ್ನಡಕ ಕೊಳ್ಳುವುದಾದರೆ ನೀರಿನ ಮೇಲಿನ ಹೊಳಪನ್ನು ತಡೆಯುವ ಪೋಲರೈಸ್ಡ್ ಗಾಜಿನದನ್ನೇ ಕೊಳ್ಳಿ. ಅದಿಲ್ಲದೆ ನೀರಿನಲ್ಲಿ ಆಕಾಶ ಮಾತ್ರ ಕಾಣುತ್ತದೆ.

ಹಡಗು ನಿಲ್ಲುವ ಇನ್ನೊಂದು ಬಂದರು ಕೆಚಿಕಾನ್‌ನಲ್ಲಿ ವಾಹನವೇ ಬೇಡ. ಹಡಗುಕಟ್ಟೆಯಿಂದ ಸ್ವಲ್ಪ ನಡೆದರೆ ಕಂಬಗಳ ಮೇಲೆ ನಿಂತ ಕ್ರೀಕ್ ಸ್ಟ್ರೀಟ್. ಅದರಡಿಯ ತೊರೆಯಲ್ಲಿ ಮೀನು ಸಮುದ್ರದ ಉಬ್ಬರದೊಂದಿಗೆ ಮೇಲೇರುತ್ತದೆ. ಬಂದರಿನ ಉಬ್ಬರ-ಇಳಿತದ ವೇಳೆಯನ್ನು ಹಿಂದಿನ ದಿನವೇ ನೋಡಿಕೊಂಡು, ನೀರು ಏರುವ ಹೊತ್ತಿಗೆ ಅಲ್ಲಿರಿ. ಇನ್ನೂ ಮೇಲಕ್ಕೆ ಹೋದರೆ ಮೀನಿಗಾಗಿ ಕಟ್ಟಿದ ಮೆಟ್ಟಿಲ ಏಣಿಯಿದೆ. ಪಕ್ಕದ ಜಲಪಾತವನ್ನೇ ಹಾರಲು ಯತ್ನಿಸಿ ಬಂಡೆಗೆ ಬಡಿದು ಮತ್ತೆ ಮತ್ತೆ ಹಾರುವ ಮೀನುಗಳೂ ಅಲ್ಲಿ ಕಾಣುತ್ತವೆ. ಮಳೆಯಲ್ಲಿ ನೆನೆದ ಹಲಗೆ ಜಾರುತ್ತದೆ, ಅಜ್ಜ ಅಜ್ಜಿಯರ ಕೈ ಹಿಡಿದುಕೊಳ್ಳಿ. ನಿಮ್ಮ ಹಡಗು ಸಿಟ್ಕಾದಲ್ಲಿ ನಿಂತರೆ ಅದು ಭಾಗ್ಯ: ಅಲ್ಲಿನ ರಾಷ್ಟ್ರೀಯ ಐತಿಹಾಸಿಕ ಉದ್ಯಾನದಲ್ಲಿ ಮರದಲ್ಲಿ ಕೆತ್ತಿದ ಟೋಟೆಮ್ ಕಂಬಗಳ ನಡುವಿನ ಕಾಡುದಾರಿ ಇಂಡಿಯನ್ ನದಿಯ ಕಾಲುಸೇತುವೆಗೆ ಬರುತ್ತದೆ, ಆಗಸ್ಟಿನಲ್ಲಿ ಅದರ ಕೆಳಗೆ ಪಿಂಕ್ ಸಾಲ್ಮನ್ ಒತ್ತೊತ್ತಾಗಿ ಸೇರಿ ನದಿಯ ತಳವೇ ಚಲಿಸಿದಂತೆ ತೋರುತ್ತದೆ. ಸ್ಕಾಗ್ವೇಯಲ್ಲಿ ಪುಲ್ಲೆನ್ ಕ್ರೀಕ್ ಇದೆ, ಕಟ್ಟೆಯ ಹತ್ತಿರವೇ.

ನೋಡಿದ ಮೀನೆಲ್ಲ ತೊರೆಯಲ್ಲೇ ಹುಟ್ಟಿದ್ದು ಎಂದುಕೊಳ್ಳಬಾರದು. ಜೂನೋದ ಮೆಕಾಲೆ ಕೇಂದ್ರದಂಥ ಕಡೆ ಮೊಟ್ಟೆಗಳನ್ನು ತೊಟ್ಟಿಯಲ್ಲಿ ಮರಿ ಮಾಡಿ ಸಮುದ್ರಕ್ಕೆ ಬಿಡುತ್ತಾರೆ, ಅವು ಬೆಳೆದು ಅಲ್ಲಿಗೇ ಮರಳುತ್ತವೆ. ಸಮುದ್ರದಲ್ಲಿ ಬಲೆಕಟ್ಟಿ ಸಾಲ್ಮನ್ ಸಾಕುವುದನ್ನು ಅಲಾಸ್ಕಾ 1990ರಲ್ಲೇ ನಿಷೇಧಿಸಿದೆ. ಹೊತ್ತಿದ್ದರೆ ಕೇಂದ್ರವನ್ನೂ ನೋಡಿ, ಆದರೆ ಒಂದನ್ನೇ ಆರಿಸಬೇಕಾದರೆ ತೊರೆಯನ್ನೇ ಆರಿಸಿ.

ಅಲಾಸ್ಕಾದ ಗಡಿಯಾರ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಹಡಗಿನ ಗಡಿಯಾರ ಯಾವುದನ್ನು ಅನುಸರಿಸುತ್ತದೆ ಎಂದು ಇಳಿಯುವ ಮುಂಚೆ ಕೇಳಿ, ಮರಳಿ ಹತ್ತುವ ಕೊನೆಯ ಗಳಿಗೆಯನ್ನು ಕಾಗದದಲ್ಲಿ ಬರೆದು ಪ್ರತಿಯೊಬ್ಬರ ಜೇಬಿನಲ್ಲೂ ಇಡಿ.

ಪ್ರವಾಸ ಸಿಯಾಟಲ್‌ನಲ್ಲಿ ಮುಗಿಯುವುದಾದರೆ, ವಿಮಾನಕ್ಕೆ ಅರ್ಧ ದಿನ ಉಳಿಸಿಕೊಂಡು ದೋಣಿಗಳನ್ನು ಏರಿಸಿ ಇಳಿಸುವ ನೀರಿನ ಕಟ್ಟೆಯಾದ ಬ್ಯಾಲರ್ಡ್ ಲಾಕ್ಸ್‌ಗೆ ಹೋಗಿ. ಸಮುದ್ರಕ್ಕೂ ಕೆರೆಗೂ ನಡುವೆ ಅಲ್ಲಿ 21 ಮೆಟ್ಟಿಲ ಮೀನು ಏಣಿಯಿದೆ, ನೆಲದಡಿಯ ಕೋಣೆಯಲ್ಲಿ ಅದಕ್ಕೆ ಗಾಜಿನ ಕಿಟಕಿಗಳಿವೆ. ಅಲಾಸ್ಕಾದಲ್ಲಿ ಮೇಲಿನಿಂದ ಬೆನ್ನನ್ನಷ್ಟೇ ಕಂಡ ಮೀನು ಇಲ್ಲಿ ಮಗುವಿನ ಮುಖದ ಎದುರಿಗೇ, ಒಂದು ಗೇಣು ದೂರದಲ್ಲಿ, ಹರಿವಿಗೆ ಎದುರಾಗಿ ಕಿವಿರು ಬಡಿಯುತ್ತ ನಿಂತಿರುತ್ತದೆ.